ದೇಹದ ಸಹಜ ಕಾವಲು ಮತ್ತು ನರಗಳ ಹೊದಿಕೆ

(ದಂಪತಿಗಳು ಜೊತೆಯಾಗಿ ಓದಬೇಕಾದ ಪಾಠ)

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ರೈತ ದಂಪತಿಗಳಿಗೆ ರೇಷ್ಮೆ ಹುಳುವಿನ ಸಾಕಾಣಿಕೆ ಹೊಸದಲ್ಲ. ಹಿಪ್ಪುನೇರಳೆ ಸೊಪ್ಪು ತರುವುದರಿಂದ ಹಿಡಿದು ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಗಂಡ ಹೆಂಡಿರಿಬ್ಬರೂ ಸಮನಾಗಿ ದುಡಿಯುತ್ತಾರೆ. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟುರೋಗ ಎಂಬ ಹುಳುವಿನ ಕಾಯಿಲೆಗಳ ಹೆಸರು ಆ ಮನೆಗಳ ಮಕ್ಕಳಿಗೂ ತಿಳಿದಿರುತ್ತದೆ. ಆದರೆ ಅದೇ ಮನೆಯ ಇಪ್ಪತ್ತೈದು ವರ್ಷದ ಸೊಸೆಗೆ ಒಂದು ಕಣ್ಣು ಮಂಜಾದರೆ, ಅಥವಾ ಕಾಲಿನ ಜೋಮು ಎರಡು ವಾರವಾದರೂ ಬಿಡದಿದ್ದರೆ, ಅದು ಏನೆಂಬುದು ಬಹು ಮಂದಿಗೆ ತಿಳಿಯದು. ತಿಳಿಯದ ಕಾರಣ ಕಾಲ ಕಳೆಯುತ್ತದೆ. ಕಾಲ ಕಳೆದಷ್ಟೂ ನರಗಳು ಕೆಡುತ್ತವೆ. ಈ ಪಾಠದಲ್ಲಿ ಅಂತಹ ಒಂದು ಕಾಯಿಲೆಯನ್ನೂ, ಅದರ ಚಿಕಿತ್ಸೆಗೆ ದೇಹದ ಸ್ವಂತ ರಕ್ಷಣಾ ಶಕ್ತಿಯನ್ನೇ ಬಳಸಿಕೊಳ್ಳುವ ಪ್ರಯತ್ನವನ್ನೂ ತಿಳಿಯೋಣ. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್.

1. ಹುಳುವಿನ ಮನೆ ಕಲಿಸುವ ಪಾಠ

ಮಗುವಿಗೆ ಲಸಿಕೆ ಹಾಕಿಸುತ್ತೇವೆ. ರೇಷ್ಮೆ ಹುಳುವಿಗೆ ಏಕೆ ಹಾಕಿಸುವುದಿಲ್ಲ? ಲಸಿಕೆಯಿಂದ ಪ್ರಯೋಜನವಾಗಬೇಕಾದರೆ ದೇಹದಲ್ಲಿ ಪ್ರತಿಕಾಯಗಳನ್ನು ತಯಾರಿಸಿ, ಶತ್ರುವಿನ ಗುರುತನ್ನು ವರ್ಷಗಟ್ಟಲೆ ನೆನಪಿಡುವ ಕೋಶಗಳಿರಬೇಕು. ಹುಳುವಿನಲ್ಲಿ ಅಂತಹ ಕೋಶಗಳಿಲ್ಲ. ಅದಕ್ಕಿರುವುದು ಹುಟ್ಟಿನೊಡನೆ ಬಂದ ರಕ್ಷಣೆ ಮಾತ್ರ. ರೋಗಾಣು ಒಳಹೊಕ್ಕೊಡನೆ ಹುಳುವಿನ ರಕ್ತಕೋಶಗಳು ಅದನ್ನು ಸುತ್ತುವರಿದು ನುಂಗುತ್ತವೆ. ಮೈಯೊಳಗೆ ರೋಗಾಣುನಾಶಕ ಪದಾರ್ಥಗಳು ಉತ್ಪತ್ತಿಯಾಗುತ್ತವೆ. ಇದನ್ನು ಸಹಜ ರೋಗನಿರೋಧ ಶಕ್ತಿ ಎನ್ನುತ್ತಾರೆ. ಈ ಶಕ್ತಿಗೆ ಮಿತಿಯಿರುವುದರಿಂದಲೇ ಹುಳುಮನೆಯನ್ನು ಬ್ಲೀಚಿಂಗ್ ಪುಡಿ, ಸುಣ್ಣಗಳಿಂದ ಶುಚಿಗೊಳಿಸಬೇಕಾಗುತ್ತದೆ.

ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಗುರುತಿಸುವ ಒಂದು ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು ಮೊದಲಿಗೆ ಪ್ರತ್ಯೇಕಿಸಿದ್ದು ರೇಷ್ಮೆ ಹುಳುವಿನಿಂದಲೇ, 1996ರಲ್ಲಿ. ಅಂತಹುದೇ ಪ್ರೋಟೀನುಗಳು ಮನುಷ್ಯರಲ್ಲಿಯೂ ಇರುವುದು ತರುವಾಯ ತಿಳಿದುಬಂತು. ನಮಗೂ ಹುಳುವಿಗೂ ಈ ವಿಷಯದಲ್ಲಿ ನೆಂಟಸ್ತನವಿದೆ.

2. ಮನುಷ್ಯನ ಎರಡು ಕಾವಲುಪಡೆಗಳು

ನಮ್ಮ ದೇಹದಲ್ಲಿ ಎರಡು ಬಗೆಯ ಕಾವಲು ಉಂಟು. ಮೊದಲನೆಯದು ಹುಳುವಿನಲ್ಲಿರುವಂತಹ ಸಹಜ ಕಾವಲು. ಚರ್ಮ, ನುಂಗುವ ಬಿಳಿ ರಕ್ತಕೋಶಗಳು ಮತ್ತು ಅಪಾಯದ ಸುದ್ದಿ ಹರಡುವ ರಾಸಾಯನಿಕ ದೂತರು ಇದರ ಅಂಗಗಳು. ಗಾಯವಾದೆಡೆ ಕೆಂಪಾಗಿ ಊದಿಕೊಳ್ಳುವುದು ಈ ಕಾವಲಿನ ಕೆಲಸ. ಎರಡನೆಯದು ಬದುಕಿನಲ್ಲಿ ಕಲಿತ ಕಾವಲು, ಅಂದರೆ ಗಳಿಸಿದ ರೋಗನಿರೋಧ ಶಕ್ತಿ. ಇದು ನಿಧಾನವಾಗಿ ಏಳುತ್ತದೆ. ಆದರೆ ಒಮ್ಮೆ ಕಂಡ ಶತ್ರುವನ್ನು ಮರೆಯುವುದಿಲ್ಲ.

ಎರಡನೆಯ ಪಡೆ ತಾನಾಗಿ ಹೊರಡುವುದಿಲ್ಲ. ಸಹಜ ಕಾವಲಿನ ಕೋಶಗಳು ಶತ್ರುವನ್ನು ನುಂಗಿ, ಅದರ ತುಣುಕನ್ನು ಮೈಮೇಲೆ ಹೊತ್ತು ತಂದು ಎರಡನೆಯ ಪಡೆಗೆ ತೋರಿಸುತ್ತವೆ. ಊರಿನ ತಳವಾರನು ಕಳ್ಳನ ಹೆಜ್ಜೆ ಹಿಡಿದು ಪಟೇಲರಿಗೆ ಸುದ್ದಿ ಮುಟ್ಟಿಸುತ್ತಿದ್ದಂತೆ ಇದು. ಈ ಸುದ್ದಿ ಹೇಗೆ ಮುಟ್ಟುತ್ತದೆಂಬುದನ್ನು ಕಂಡುಹಿಡಿದ ಬ್ಯೂಟ್ಲರ್, ಹಾಫ್‌ಮನ್, ಸ್ಟೈನ್‌ಮನ್ ಎಂಬ ಮೂವರು ವಿಜ್ಞಾನಿಗಳಿಗೆ 2011ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಳವಾರನು ತಪ್ಪು ಸುದ್ದಿ ತಂದರೆ ಏನಾಗುತ್ತದೆಂಬುದೇ ನಮ್ಮ ಮುಂದಿನ ವಿಷಯ.

3. ಕಾವಲೇ ಕೇಡಾದಾಗ

ಪಂಪ್‌ಸೆಟ್ಟಿಗೆ ಎಳೆದ ವಿದ್ಯುತ್ ತಂತಿಯನ್ನು ನೆನೆಯಿರಿ. ಒಳಗೆ ಲೋಹದ ಎಳೆ, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಹೊದಿಕೆಯನ್ನು ಇಲಿ ಕಡಿದರೆ ವಿದ್ಯುತ್ತು ಸೋರುತ್ತದೆ; ಮೋಟಾರು ಒಮ್ಮೆ ತಿರುಗಿ ಒಮ್ಮೆ ನಿಲ್ಲುತ್ತದೆ. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೂ ಇಂತಹ ಹೊದಿಕೆಯುಂಟು. ಅದನ್ನು ಮಯಲಿನ್ ಎಂದು ಕರೆಯುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ದೇಹದ ಕಾವಲುಪಡೆ ಈ ಹೊದಿಕೆಯನ್ನು ಶತ್ರುವೆಂದು ತಿಳಿದು ಅಲ್ಲಲ್ಲಿ ಕಡಿಯುತ್ತದೆ. ಕಡಿದ ಜಾಗಗಳು ಗಡುಸಾದ ಕಲೆಗಳಾಗುತ್ತವೆ. ಅನೇಕ ಗಡುಸು ಕಲೆಗಳು ಎಂಬುದೇ ಈ ಹೆಸರಿನ ಅರ್ಥ. ಪ್ಯಾರಿಸಿನ ವೈದ್ಯ ಶಾರ್ಕೊ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದನು.

ಮಿದುಳಿನೊಳಗೆ ಮೈಕ್ರೋಗ್ಲಿಯ ಎಂಬ ಸಹಜ ಕಾವಲಿನ ಕೋಶಗಳು ನೆಲೆಸಿವೆ. ಇವುಗಳಿಗೆ ಎರಡು ಮುಖ. ಹಾಳಾದ ಹೊದಿಕೆಯ ಚೂರುಗಳನ್ನು ಗುಡಿಸಿ ತೆಗೆಯುವವು ಇವೇ. ಗುಡಿಸದಿದ್ದರೆ ಹೊಸ ಹೊದಿಕೆ ಬೆಳೆಯದು. ಆದರೆ ಇವೇ ಕೋಶಗಳು ಕೆರಳಿ ನಿಂತರೆ ಉರಿಯೂತವನ್ನು ವರ್ಷಗಟ್ಟಲೆ ಉಳಿಸಿ ನರತಂತುವನ್ನೇ ಸವೆಸುತ್ತವೆ. ಆದುದರಿಂದ ಕಾವಲನ್ನು ಪೂರ್ಣ ಅಡಗಿಸುವುದೂ ತಪ್ಪು, ಕೆರಳಿಸುವುದೂ ತಪ್ಪು. ಅದನ್ನು ಹದಕ್ಕೆ ತಂದು ಒಳ್ಳೆಯ ಕೆಲಸಕ್ಕೆ ಹಚ್ಚಬೇಕು.

4. ಹದಿನಾಲ್ಕು ಸೂಜಿಗಳ ನೆನಪು

ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಿಕೊಳ್ಳುತ್ತಿದ್ದುದನ್ನು ಮನೆಯ ಹಿರಿಯರು ಈಗಲೂ ಹೇಳುತ್ತಾರೆ. ಅದು ಸೆಂಪಲ್ ಲಸಿಕೆ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯನು 1911ರಲ್ಲಿ ರೂಪಿಸಿದ್ದು. ಅದನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಅದರಿಂದ ಅಸಂಖ್ಯ ಪ್ರಾಣಗಳು ಉಳಿದವು. ಆದರೆ ಕೆಲವರಿಗೆ ಲಸಿಕೆಯಾದ ಕೆಲವು ದಿನ ಅಥವಾ ವಾರಗಳಲ್ಲಿ ಕಾಲು ಸೋತು, ಮೂತ್ರ ಕಟ್ಟಿಕೊಳ್ಳುತ್ತಿತ್ತು. ಕಾರಣವಿಷ್ಟೆ: ಕುರಿಯ ಮಿದುಳಿನ ಮಯಲಿನ್ ನಮ್ಮ ಮಯಲಿನ್ನನ್ನು ಹೋಲುತ್ತದೆ. ಲಸಿಕೆಯಲ್ಲಿದ್ದ ಕುರಿಯ ಮಯಲಿನ್ನಿನ ಮೇಲೆ ಎದ್ದ ಕಾವಲುಪಡೆ ರೋಗಿಯ ಸ್ವಂತ ನರಗಳ ಹೊದಿಕೆಯನ್ನೂ ಕಡಿಯುತ್ತಿತ್ತು.

ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಅಲ್ಲ. ಸಾಮಾನ್ಯವಾಗಿ ಒಂದೇ ಸಲ ಬಂದು ಹೋಗುವಂತಹುದು. ಆದರೂ ದೇಹದ ಕಾವಲು ಸ್ವಂತ ನರಗಳ ಮೇಲೆ ತಿರುಗಬಲ್ಲದೆಂಬುದಕ್ಕೆ ನಮ್ಮ ನಾಡಿನ ಜನರೇ ಕಂಡುಂಡ ಸಾಕ್ಷಿ ಇದು. ಭಾರತದಲ್ಲಿ ಈ ಲಸಿಕೆಯನ್ನು 2004ರ ಡಿಸೆಂಬರ್ ವೇಳೆಗೆ ನಿಲ್ಲಿಸಲಾಯಿತು. ಈಗಿನ ಲಸಿಕೆಯಲ್ಲಿ ಮಿದುಳಿನ ಪದಾರ್ಥವಿಲ್ಲ. ಅದನ್ನು ತೋಳಿಗೆ ಹಾಕುತ್ತಾರೆ. ನಾಯಿ ಕಚ್ಚಿದವರು ಹಳೆಯ ಭಯವನ್ನು ಬಿಟ್ಟು, ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಪ್ಪದೆ ಲಸಿಕೆ ಹಾಕಿಸಿಕೊಳ್ಳತಕ್ಕದ್ದು. ನಾಯಿಹುಚ್ಚು ಒಮ್ಮೆ ತಲೆದೋರಿದರೆ ಸಾವು ಬಹುತೇಕ ಖಂಡಿತ.

5. ಯಾರಿಗೆ ಬರುತ್ತದೆ? ಹೇಗೆ ಗುರುತಿಸುವುದು?

ಈ ಕಾಯಿಲೆ ಹೆಚ್ಚಾಗಿ ಆರಂಭವಾಗುವುದು 20ರಿಂದ 40 ವರ್ಷದೊಳಗೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಾಲು ಹೆಚ್ಚು. ಅಂದರೆ ಮದುವೆಯಾಗಿ, ಮಕ್ಕಳನ್ನು ಹೆತ್ತು, ಸಂಸಾರ ನಡೆಸುವ ವಯಸ್ಸಿಗೇ ಬರುವ ಕಾಯಿಲೆಯಿದು. ಜಗತ್ತಿನಲ್ಲಿ 28 ಲಕ್ಷ ಮಂದಿಗೆ ಈ ಕಾಯಿಲೆ ಇರುವುದಾಗಿ 2020ರ ಒಂದು ಅಂದಾಜು. ಮಂಗಳೂರು ನಗರದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ ಸುಮಾರು 8 ಮಂದಿ ಕಂಡುಬಂದರು. ವಿರಳವೇ ಸರಿ, ಆದರೆ ಇಲ್ಲವೆನ್ನುವಂತಿಲ್ಲ.

ಲಕ್ಷಣಗಳು ಹೀಗಿವೆ: ಒಂದು ಕಣ್ಣಿನ ದೃಷ್ಟಿ ಕೆಲವು ದಿನಗಳಲ್ಲಿ ಮಂಜಾಗಿ, ಕಣ್ಣಾಡಿಸಿದರೆ ನೋವಾಗುವುದು, ಕೈಕಾಲು ಅಥವಾ ಸೊಂಟದ ಕೆಳಗಿನ ಭಾಗ ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ವಸ್ತು ಎರಡಾಗಿ ಕಾಣುವುದು, ಮೂತ್ರ ತಡೆಯಲಾಗದಿರುವುದು ಅಥವಾ ಕಟ್ಟಿಕೊಳ್ಳುವುದು, ಕೆಲಸಕ್ಕೆ ಮೀರಿದ ಆಯಾಸ. ಜ್ವರವಿಲ್ಲದೆ ಇಂತಹ ಲಕ್ಷಣ 24 ಗಂಟೆಗೂ ಮೀರಿ ನಿಂತರೆ ವೈದ್ಯರನ್ನು ಕಾಣಲೇಬೇಕು.

ಇಲ್ಲಿ ಒಂದು ಮೋಸವುಂಟು. ಆರಂಭದ ವರ್ಷಗಳಲ್ಲಿ ಈ ಲಕ್ಷಣಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಒಂದು ಮನೆಯನ್ನು ಊಹಿಸಿಕೊಳ್ಳಿ. ಸೊಸೆಯ ಕಾಲು ಜೋಮು ಹಿಡಿಯಿತು. ಗಾಳಿ ಸೋಕಿದೆಯೆಂದು ಅತ್ತೆ ತಾಯಿತ ಕಟ್ಟಿಸಿದರು. ತಿಂಗಳೊಳಗೆ ಕಾಲು ಸರಿಹೋಯಿತು. ತಾಯಿತಕ್ಕೆ ಕೀರ್ತಿ ಬಂತು. ಮರುವರ್ಷ ಕಣ್ಣು ಮಂಜಾಯಿತು; ಮತ್ತೆ ತಾಯಿತ, ಮತ್ತೆ ಗುಣ. ಮೂರನೆಯ ಸಲ ಎರಡೂ ಕಾಲು ಸೋತವು. ಈ ಸಲ ಪೂರ್ಣವಾಗಿ ಮರಳಲಿಲ್ಲ. ಕಾಯಿಲೆ ಗುಣವಾಗುತ್ತಿರಲಿಲ್ಲ, ಸದ್ದಿಲ್ಲದೆ ಒಳಗೇ ನಡೆದಿತ್ತು. ಪ್ರತಿ ಸಲವೂ ಹೊದಿಕೆಯೊಡನೆ ಕೆಲವು ನರತಂತುಗಳೂ ಸತ್ತಿದ್ದವು. ಸತ್ತ ತಂತು ಮತ್ತೆ ಚಿಗುರುವುದಿಲ್ಲ. ದೇವರಲ್ಲಿ ಹರಕೆ ಹೊರುವುದು ಅವರವರ ನಂಬಿಕೆ. ಆದರೆ ಹರಕೆಯೊಡನೆ ಆಸ್ಪತ್ರೆಗೂ ಹೋಗುವುದು ಕರ್ತವ್ಯ.

ರೋಗನಿರ್ಧಾರಕ್ಕೆ ನರರೋಗ ತಜ್ಞರ ಪರೀಕ್ಷೆ, ಎಂ.ಆರ್.ಐ. ಚಿತ್ರ, ಕೆಲವೊಮ್ಮೆ ಬೆನ್ನುಹುರಿಯ ನೀರಿನ ಪರೀಕ್ಷೆ ಬೇಕಾಗುತ್ತವೆ. ಬಿ-12 ಜೀವಸತ್ವದ ಕೊರತೆ, ಕ್ಷಯ ಮುಂತಾದವೂ ಇದೇ ವೇಷದಲ್ಲಿ ಬರಬಹುದು. ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಮತ್ತೊಂದು ಕಾಯಿಲೆಯೂ ಕಣ್ಣು ಮತ್ತು ಬೆನ್ನುಹುರಿಯನ್ನೇ ಹಿಡಿಯುತ್ತದೆ. ಆದರೆ ಅದರ ಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ಹಿತವಾದ ಇಂಟರ್‌ಫೆರಾನ್ ಎರಡನೆಯದನ್ನು ಉಲ್ಬಣಗೊಳಿಸಬಹುದು. ಆದುದರಿಂದ ಒಬ್ಬರ ಔಷಧಿಯನ್ನು ಮತ್ತೊಬ್ಬರು ಸೇವಿಸಲೇಬಾರದು. 1974ರಲ್ಲಿ ಸ್ಥಾಪಿತವಾದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಕಾಯಿಲೆಗಳ ಪರೀಕ್ಷೆ ಮತ್ತು ಚಿಕಿತ್ಸೆಗೆ ವ್ಯವಸ್ಥೆಯಿದೆ. ನಮ್ಮ ನಾಲ್ಕು ತಾಲ್ಲೂಕುಗಳಿಂದಲೂ ಬೆಳಿಗ್ಗೆ ಹೊರಟರೆ ಅದೇ ದಿನ ತಲುಪಬಹುದಾದ ದೂರವಿದು.

6. ಸಹಜ ಕಾವಲನ್ನು ಹದಕ್ಕೆ ತರುವ ಚಿಕಿತ್ಸೆ

ಕಾಯಿಲೆ ಉಲ್ಬಣಿಸಿದಾಗ ಸ್ಟೀರಾಯ್ಡ್ ಔಷಧಿಯನ್ನು ಮೂರರಿಂದ ಐದು ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಇದು ಉರಿಯುವ ಬೆಂಕಿಗೆ ನೀರು ಹಾಕಿದಂತೆ. ಮುಂದೆ ಬೆಂಕಿ ಏಳದಂತೆ ನೋಡಿಕೊಳ್ಳಲು ಬೇರೆ ಔಷಧಿಗಳು ಬೇಕು. ಅವುಗಳಲ್ಲಿ ಮೊದಲು ಬಂದುದು ದೇಹದ ಸಹಜ ಕಾವಲಿನಿಂದಲೇ ಎರವಲು ಪಡೆದ ವಸ್ತು.

ಇಂಟರ್‌ಫೆರಾನ್: ವೈರಾಣು ಸೋಂಕಿದಾಗ ಕೋಶಗಳು ಹೊರಡಿಸುವ ದೂತ ಪದಾರ್ಥವಿದು. ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ 1957ರಲ್ಲಿ ಇದನ್ನು ಕಂಡುಹಿಡಿದರು. ಇದರ ಬೀಟಾ ಎಂಬ ಬಗೆ ಕೆರಳಿದ ಕಾವಲುಪಡೆಯನ್ನು ಶಮನಗೊಳಿಸಿ, ಅದು ಮಿದುಳಿನೊಳಗೆ ನುಗ್ಗುವುದನ್ನು ಕಡಿಮೆ ಮಾಡುತ್ತದೆ. 1993ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ಕಾಯಿಲೆ ಮರುಕಳಿಸುವುದು ಇದರಿಂದ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗುತ್ತದೆ. ಚುಚ್ಚುಮದ್ದಾದ ದಿನ ಚಳಿಜ್ವರ, ಮೈನೋವು ಬರಬಹುದು. ಇದಕ್ಕೆ ಹೆದರಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಇದಕ್ಕಿಂತ ಬಲವಾದ ಔಷಧಿಗಳೂ ಈಗ ಇವೆ. ಅವುಗಳಲ್ಲಿ ಹಲವು ಎರಡನೆಯ ಪಡೆಯನ್ನು ಅಡಗಿಸುತ್ತವೆ. ಅಂತಹವನ್ನು ಆರಂಭಿಸುವ ಮುನ್ನ ದೇಹದಲ್ಲಿ ಕ್ಷಯದ ಸೋಂಕು ಅಡಗಿದೆಯೇ ಎಂದು ಪರೀಕ್ಷಿಸುವುದು ಅವಶ್ಯಕ.

ಬಿ.ಸಿ.ಜಿ. ಲಸಿಕೆ: ಕ್ಷಯದ ತೀವ್ರ ರೂಪಗಳಿಂದ ಕಾಪಾಡಲು ಮಗುವಿನ ಎಡತೋಳಿಗೆ ಹಾಕುವ ಈ ಲಸಿಕೆ ಸಹಜ ಕಾವಲಿಗೂ ಒಂದು ಬಗೆಯ ತರಬೇತಿ ಕೊಡುತ್ತದೆ. ಇಟಲಿಯ ವೈದ್ಯರು ಮೊದಲ ಸಲ ನರಗಳ ಲಕ್ಷಣ ಕಂಡವರಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಸಿಕೆ ಪಡೆದವರ ಮಿದುಳಿನಲ್ಲಿ ಮೊದಲ ಆರು ತಿಂಗಳು ಹೊಸ ಕಲೆಗಳು ಕಡಿಮೆಯಿದ್ದವು. ಆದರೆ ಪೂರ್ಣ ಪರೀಕ್ಷೆಗೊಳಗಾದವರು 73 ಮಂದಿ ಮಾತ್ರ. ಇದು ಆಶಾದಾಯಕ ಸುದ್ದಿಯೇ ಹೊರತು ಚಿಕಿತ್ಸೆಯಲ್ಲ. ಯಾರೂ ತಾವಾಗಿ ಲಸಿಕೆ ಕೇಳಿ ಹೋಗಬಾರದು.

ಜಂತುಹುಳು: ಹೊಟ್ಟೆಯ ಜಂತುಗಳು ಮನುಷ್ಯನ ಕಾವಲನ್ನು ತಗ್ಗಿಸಿ ಬದುಕುತ್ತವೆ. ಅರ್ಜೆಂಟೀನದಲ್ಲಿ ಜಂತುಗಳಿದ್ದ 12 ಮಂದಿ ರೋಗಿಗಳ ಕಾಯಿಲೆ ಸೌಮ್ಯವಾಗಿದ್ದುದು 2007ರಲ್ಲಿ ವರದಿಯಾಯಿತು. ಆದರೆ ಇಂಗ್ಲೆಂಡಿನಲ್ಲಿ 71 ಮಂದಿಯನ್ನು ಸೇರಿಸಿಕೊಂಡು ನಡೆದ ಕೊಕ್ಕೆಹುಳುವಿನ ಪರೀಕ್ಷೆಯ ಮುಖ್ಯ ಉದ್ದೇಶ ಈಡೇರಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. ಜಂತು ರಕ್ತಹೀನತೆಯ ಮೂಲ. ಮಕ್ಕಳಿಗೆ ಜಂತು ಮಾತ್ರೆ ಕೊಡಿಸುವುದನ್ನು ಬಿಡಬಾರದು.

ಮಿದುಳಿನೊಳಗಿನ ಕಾವಲು: ಮೈಕ್ರೋಗ್ಲಿಯವನ್ನು ಶಾಂತಗೊಳಿಸಬಲ್ಲ ಗುಳಿಗೆಗಳನ್ನು ಈಚಿನ ವರ್ಷಗಳಲ್ಲಿ ಪರೀಕ್ಷಿಸಲಾಗುತ್ತಿದೆ. ಟೋಲೆಬ್ರೂಟಿನಿಬ್ ಎಂಬ ಗುಳಿಗೆ, ನಿಧಾನವಾಗಿ ಏರುತ್ತಲೇ ಹೋಗುವ ಬಗೆಯ ರೋಗಿಗಳಲ್ಲಿ ಅಂಗವೈಕಲ್ಯ ಹೆಚ್ಚುವ ಸಂಭವವನ್ನು ಸುಮಾರು ಶೇಕಡ 31ರಷ್ಟು ತಗ್ಗಿಸಿತೆಂದು 2025ರಲ್ಲಿ ಪ್ರಕಟವಾಯಿತು. ಆದರೆ ಕೆಲವರ ಯಕೃತ್ತಿಗೆ ಅದರಿಂದ ಹಾನಿಯಾಯಿತು. ನಮ್ಮ ಆಸ್ಪತ್ರೆಗಳ ನಿತ್ಯ ಚಿಕಿತ್ಸೆಯಾಗಿ ಅದು ಇನ್ನೂ ಬಂದಿಲ್ಲ.

ಒಂದು ಎಚ್ಚರಿಕೆ: ರೋಗನಿರೋಧ ಶಕ್ತಿಯನ್ನು ಹೆಚ್ಚಿಸುತ್ತೇವೆಂದು ಹೇಳಿ ಮಾರುವ ಪುಡಿ, ಟಾನಿಕ್ಕುಗಳಿಂದ ದೂರವಿರಿ. ಈ ಕಾಯಿಲೆಯಲ್ಲಿ ಶಕ್ತಿ ಕಡಿಮೆಯಾಗಿರುವುದಿಲ್ಲ, ದಾರಿ ತಪ್ಪಿರುತ್ತದೆ. ದಾರಿ ತಪ್ಪಿದ ಎತ್ತಿಗೆ ಹಿಂಡಿ ಹೆಚ್ಚಾಗಿ ಹಾಕಿದರೆ ಗಾಡಿ ಮನೆ ಸೇರುವುದೇ?

7. ದಂಪತಿಗಳು ಕೇಳುವ ಪ್ರಶ್ನೆಗಳು

ಈ ಕಾಯಿಲೆ ಅಂಟುತ್ತದೆಯೇ? 
ಇಲ್ಲ. ಒಟ್ಟಿಗೆ ಉಣ್ಣುವುದರಿಂದಾಗಲಿ, ದಾಂಪತ್ಯ ಸಂಬಂಧದಿಂದಾಗಲಿ ಹರಡುವುದಿಲ್ಲ.

ಮಕ್ಕಳಿಗೆ ಬರುತ್ತದೆಯೇ? 
ತಂದೆ ಅಥವಾ ತಾಯಿಗೆ ಕಾಯಿಲೆಯಿದ್ದರೆ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಮುಂದೆ ಬರುವ ಸಂಭವವಿದೆ. ಉಳಿದವರಿಗೆ ಬರುವುದಿಲ್ಲ.

ಹೆಂಡತಿ ಗರ್ಭಿಣಿಯಾಗಬಹುದೇ? 
ಆಗಬಹುದು. ಯೂರೋಪಿನ 12 ದೇಶಗಳ 254 ಹೆಂಗಸರನ್ನು ಕುರಿತ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಕಾಯಿಲೆ ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆಂದೂ, ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಹೆಚ್ಚುತ್ತದೆಂದೂ ಅದರಿಂದ ತಿಳಿದುಬಂತು. ಆದುದರಿಂದ ಬಾಣಂತನದ ಕಾಲದಲ್ಲಿ ವಿಶ್ರಾಂತಿ, ಮನೆಯವರ ನೆರವು ಮತ್ತು ವೈದ್ಯರ ಭೇಟಿ ಅತ್ಯಗತ್ಯ. ಎದೆಹಾಲು ಕುಡಿಸಬಹುದು, ಔಷಧಿಯ ಬಗ್ಗೆ ಮಾತ್ರ ವೈದ್ಯರನ್ನು ಕೇಳಬೇಕು.

ಸಂತಾನ ಅಂತರದ ಅಗತ್ಯವೇನು? 
ಫಿಂಗೋಲಿಮಾಡ್, ಟೆರಿಫ್ಲೂನೊಮೈಡ್ ಮುಂತಾದ ಕೆಲವು ಔಷಧಿಗಳಿಂದ ಗರ್ಭದ ಶಿಶುವಿಗೆ ಹಾನಿಯಾಗಬಹುದು. ಇವುಗಳನ್ನು ಸೇವಿಸುವಾಗ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ಟೆರಿಫ್ಲೂನೊಮೈಡ್ ಸೇವಿಸುವವನು ಗಂಡನಾದರೂ ಮಗು ಬೇಕೆನಿಸಿದಾಗ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ವಂಕಿ, ನಿರೋಧ್ ಮುಂತಾದ ಸಾಧನಗಳನ್ನು ಬಳಸಬಹುದು. ಹಾಸಿಗೆ ಹಿಡಿದು ಓಡಾಡಲಾಗದವರಿಗೆ ಎರಡು ಹಾರ್ಮೋನುಗಳುಳ್ಳ ನುಂಗುವ ಮಾತ್ರೆ ಸಾಮಾನ್ಯವಾಗಿ ಯುಕ್ತವಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮಗು ಬೇಕೆಂದಾಗ ಔಷಧಿಯನ್ನು ತಾವಾಗಿ ನಿಲ್ಲಿಸದೆ, ವೈದ್ಯರೊಡನೆ ಮಾತನಾಡಿ ಕಾಲವನ್ನು ಗೊತ್ತುಮಾಡಿಕೊಳ್ಳಬೇಕು.

8. ಮನೆಯವರ ಕರ್ತವ್ಯ

ಈ ಕಾಯಿಲೆಯವರಿಗೆ ಬಿಸಿಯಿಂದ ಲಕ್ಷಣಗಳು ಹೆಚ್ಚುತ್ತವೆ. ಇದನ್ನು 1890ರಲ್ಲಿ ಉಹ್ಟಾಫ್ ಎಂಬ ಜರ್ಮನ್ ವೈದ್ಯನು ಗುರುತಿಸಿದನು. ಗೂಡು ಬೇಯಿಸಿ ನೂಲು ಬಿಚ್ಚುವ ಬಿಸಿನೀರಿನ ಬಾನಿಯ ಮುಂದೆ, ಬೆಚ್ಚಗಿರಿಸಿದ ಹುಳುಮನೆಯಲ್ಲಿ, ನಡುಹಗಲಿನ ರಾಗಿ ಹೊಲದಲ್ಲಿ ಅವರ ಕಣ್ಣು ಮತ್ತೆ ಮಂಜಾಗಬಹುದು, ಕಾಲು ಸೋಲಬಹುದು. ಮೈ ತಣ್ಣಗಾದರೆ ಇದು ಸರಿಹೋಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವಳು ಮಧ್ಯಾಹ್ನ ಕುಳಿತುಬಿಟ್ಟಳೆಂದರೆ ಅದು ಸೋಮಾರಿತನವಲ್ಲ. ಅವರಿಗೆ ಬೆಳಗಿನ ತಂಪಿನ ಕೆಲಸವನ್ನು ಬಿಟ್ಟುಕೊಟ್ಟು, ಬಿಸಿಯ ಕೆಲಸವನ್ನು ಉಳಿದವರು ಹಂಚಿಕೊಳ್ಳುವುದು ಲೇಸು. ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ತಿರುಗುವ ಯಂತ್ರದ ಮುಂದೆ ಕೂರುವವರ ಕೈ ನಡುಗತೊಡಗಿದರೆ, ಅವರಿಗೆ ಯಂತ್ರದಿಂದ ದೂರದ ಕೆಲಸ ಕೊಡುವುದು ಕ್ಷೇಮಕರ.

ಕಾಯಿಲೆಯ ಹೆಸರು ಕೇಳಿದೊಡನೆ ಹೆಂಡತಿಯನ್ನು ತವರಿಗೆ ಅಟ್ಟುವುದು ಅಲ್ಲಲ್ಲಿ ನಡೆಯುತ್ತದೆ. ಇದು ಅಧರ್ಮ, ಜೊತೆಗೆ ಅವಿವೇಕವೂ ಹೌದು. ಬೇಗ ಚಿಕಿತ್ಸೆ ಆರಂಭವಾದವರಲ್ಲಿ ಬಹು ಮಂದಿ ವರ್ಷಗಳ ಕಾಲ ಸಂಸಾರ, ದುಡಿಮೆ ಎರಡನ್ನೂ ನಡೆಸಬಲ್ಲರು. ಹಾಗೆಯೇ ಕಾಯಿಲೆ ಗಂಡನಿಗೆ ಬಂದಾಗ ಹೆಂಡತಿಯೊಬ್ಬಳೇ ಭಾರ ಹೊರುವಂತಾಗಬಾರದು. ಮನಸ್ಸು ಕುಗ್ಗಿದರೆ 14416 ಸಂಖ್ಯೆಯ ಟೆಲಿ-ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಈ ಸೇವೆ ಉಚಿತ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಯ ಅಂಗವಿಕಲತೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸಹ ಒಂದು. ವೈದ್ಯಕೀಯ ಪ್ರಮಾಣಪತ್ರ ಪಡೆಯುವ ವಿಧಾನವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ.

ನೆನಪಿಡಬೇಕಾದ ಅಂಶಗಳು

- ದೇಹದ ಕಾವಲು ದಾರಿ ತಪ್ಪಿ ನರಗಳ ಹೊದಿಕೆಯನ್ನು ಕಡಿಯುವುದೇ ಈ ಕಾಯಿಲೆ. ಇದು ಶಾಪವಲ್ಲ, ಗಾಳಿಯಲ್ಲ, ಅಂಟುರೋಗವಲ್ಲ.
- ಲಕ್ಷಣ ತಾನಾಗಿ ಇಳಿದರೂ ಕಾಯಿಲೆ ಹೋಯಿತೆಂದು ತಿಳಿಯಬಾರದು.
- ಪೂರ್ಣ ಗುಣಪಡಿಸುವ ಔಷಧಿ ಇನ್ನೂ ಇಲ್ಲ; ತಡೆಯುವ ಔಷಧಿಗಳು ಇವೆ. ಬೇಗ ಆರಂಭಿಸಿದಷ್ಟೂ ಲಾಭ.
- ಗರ್ಭ, ಅಂತರ ಮತ್ತು ಔಷಧಿ ಈ ಮೂರನ್ನೂ ಗಂಡ ಹೆಂಡಿರು ಕೂಡಿ ವೈದ್ಯರೊಡನೆ ನಿರ್ಧರಿಸಬೇಕು.

ಅಭ್ಯಾಸದ ಪ್ರಶ್ನೆಗಳು

1. ರೇಷ್ಮೆ ಹುಳುವಿನ ರಕ್ಷಣೆಗೂ ಮನುಷ್ಯನ ರಕ್ಷಣೆಗೂ ಇರುವ ಹೋಲಿಕೆ ಮತ್ತು ವ್ಯತ್ಯಾಸವೇನು?
2. ಸೆಂಪಲ್ ಲಸಿಕೆಯಿಂದ ಕೆಲವರ ಕಾಲು ಸೋಲಲು ಕಾರಣವೇನು?
3. ಈ ಕಾಯಿಲೆಯವರಿಗೆ ರೋಗನಿರೋಧ ಶಕ್ತಿ ಹೆಚ್ಚಿಸುವ ಟಾನಿಕ್ ಏಕೆ ತಕ್ಕುದಲ್ಲ?
4. ನಿಮ್ಮ ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆಯಿದ್ದರೆ, ಯಾವ ಯಾವ ಕೆಲಸವನ್ನು ಯಾರು ಯಾರು ಹಂಚಿಕೊಳ್ಳುವಿರಿ? ದಂಪತಿಗಳು ಕುಳಿತು ಮಾತನಾಡಿಕೊಳ್ಳಿ.

ಹುಳುವಿನ ತಟ್ಟೆಯಲ್ಲಿ ಒಂದು ಹುಳು ಸೊಪ್ಪು ಬಿಟ್ಟರೂ ರೈತನ ಕಣ್ಣಿಗೆ ಬೀಳುತ್ತದೆ. ಜೊತೆಯಲ್ಲಿ ಬಾಳುವವರ ಹೆಜ್ಜೆ ತಪ್ಪಿದಾಗಲೂ ಅಷ್ಟೇ ಬೇಗ ಕಣ್ಣಿಗೆ ಬೀಳಲಿ.